ಮೊದಲ ಕಟಿಂಗ್ ನೆಲದ ಮೇಲಾಗಲಿ
ಮರಗೆಲಸದ ಮೇಸ್ತ್ರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮೇಸ್ತ್ರಿಗಳೇ,



ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು ಎಂದು ಎಲ್ಲೆಲ್ಲಿ ಹೊಸ ಮನೆ ಏಳುತ್ತಿದೆಯೋ ಅಲ್ಲೆಲ್ಲ ವಾರ್ಡ್‌ರೋಬ್, ಅಡುಗೆಮನೆ, ಲಾಫ್ಟ್ ಕೆಲಸ ಹಿಡಿದು, ನಾಲ್ಕಾರು ಹುಡುಗರನ್ನು ಇಟ್ಟುಕೊಂಡು ಮಾಡಿಸುತ್ತಿರುವ ನಿಮ್ಮೆಲ್ಲರಿಗೆ ಈ ಪತ್ರ. ನಿಮಗೆ ಬಿಡುವು ಕಡಿಮೆ. ಹಾಗಾಗಿ ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಎಂಟಡಿ ನಾಲ್ಕಡಿಯ ಪ್ಲೈವುಡ್ ಶೀಟನ್ನು ಇಡಿಯಾಗಿ ಸೈಟಿನ ಟೇಬಲ್ ಕಟ್ಟರ್ ಮೇಲೆ ಹತ್ತಿಸಬೇಡಿ. ಮೊದಲ ಕಟಿಂಗ್ ನೆಲದ ಮೇಲೆ ಮಾಡಿಸಿ. ಟೇಬಲ್ಲಿಗೆ ಒಗ್ಗುವಷ್ಟು ಸಣ್ಣದಾದ ಮೇಲೆ ಆ ತುಂಡನ್ನು ಬ್ಲೇಡಿನ ಹತ್ತಿರ ತನ್ನಿ.

ಐಟಿಐನಲ್ಲಿ ಮರಗೆಲಸ ಕಲಿಸಿ ನಿವೃತ್ತನಾದವನು ನಾನು. ನನ್ನ ಹತ್ತಿರ ಕಲಿತ ಹುಡುಗರಲ್ಲಿ ಕೆಲವರು ಈಗ ನಿಮ್ಮಂತೆಯೇ ಮೇಸ್ತ್ರಿಗಳು. ಅವರು ಕರೆದಾಗ ಸೈಟಿಗೆ ಹೋಗುತ್ತೇನೆ. ಕರೆಯದಿದ್ದರೂ, ದಾರಿಯಲ್ಲಿ ಹೋಗುವಾಗ ಬ್ಲೇಡಿನ ಸದ್ದು ಕಿವಿಗೆ ಬಿದ್ದರೆ ಒಳಗೆ ಹೋಗಿ ಒಂದು ಗಳಿಗೆ ನಿಲ್ಲುವುದು ರೂಢಿಯಾಗಿದೆ. ಹೀಗೆ ಕಂಡ ಟೇಬಲ್ಲುಗಳು ಹೆಚ್ಚುಕಮ್ಮಿ ಒಂದೇ ಥರ. ರೀಪರ್ ಕಾಲು, ಮೇಲೆ 19 ಮಿ.ಮೀ. ಪ್ಲೈ, ಅದಕ್ಕೆ ಕೆಳಗಿನಿಂದ ತಲೆಕೆಳಗಾಗಿ ಬೋಲ್ಟ್ ಮಾಡಿದ ಕೈಕಟ್ಟರ್. ಗಾರ್ಡ್ ಬಿಚ್ಚಿ ಸಾಮಾನಿನ ಪೆಟ್ಟಿಗೆಗೆ ಸೇರಿಸಿರುತ್ತಾರೆ. ಟ್ರಿಗರನ್ನು ಕೇಬಲ್ ಟೈ ಬಿಗಿದು ಒತ್ತಿಟ್ಟಿರುತ್ತಾರೆ, ಆನ್ ಆಫ್ ಏನಿದ್ದರೂ ಗೋಡೆಯ ಪ್ಲಗ್ಗಿನಲ್ಲೇ. ಗೈಡ್ ಎಂದರೆ ಎರಡು ಸಿ-ಕ್ಲ್ಯಾಂಪ್ ಹಾಕಿ ಹಿಡಿಸಿದ ಪ್ಲೈ ಪಟ್ಟಿ. ಇಂಥ ಟೇಬಲ್ಲಿನ ಮೇಲೆ ಕೊಯ್ದ ಬಾಗಿಲುಗಳು ಒಂದು ನೂಲೂ ವ್ಯತ್ಯಾಸವಿಲ್ಲದೆ ಕೂರುವುದನ್ನು ನಾನೇ ನೋಡಿದ್ದೇನೆ. ನಿಮ್ಮ ಹುಡುಗರ ಕೈಚಳಕದ ಬಗ್ಗೆ ನನಗೆ ಅನುಮಾನವಿಲ್ಲ. ಆ ಕೈ ಉಳಿಯಬೇಕು ಅನ್ನುವುದಷ್ಟೇ ನನ್ನ ಕಳಕಳಿ.

ಒಂದು ಲೆಕ್ಕ ಹಾಕೋಣ. 19 ಮಿ.ಮೀ.ನ ಒಂದು ಶೀಟ್ 35 ಕೆ.ಜಿ. ಆಚೀಚೆ ತೂಗುತ್ತದೆ. ಎಂಡಿಎಫ್ ಆದರೆ ಇನ್ನೂ ಭಾರ. ನಿಮ್ಮ ಟೇಬಲ್ ಉದ್ದ ನಾಲ್ಕಡಿ, ಬ್ಲೇಡ್ ಅದರ ನಡುವೆ ಇದೆ ಎಂದಿಟ್ಟುಕೊಳ್ಳಿ. ಅಂದರೆ ಬ್ಲೇಡಿನಿಂದ ಆಚೆ ಶೀಟಿಗೆ ಸಿಗುವ ಆಸರೆ ಎರಡೇ ಅಡಿ. ಎಂಟಡಿಯ ಶೀಟನ್ನು ಉದ್ದಕ್ಕೆ ತಳ್ಳುತ್ತಾ ಹೋದರೆ, ಇನ್ನೂ ಎರಡಡಿ ಕೊಯ್ಯುವುದು ಬಾಕಿ ಇರುವಾಗಲೇ ಅದರ ನಟ್ಟನಡು ಟೇಬಲ್ಲಿನ ಆಚೆ ಅಂಚಿಗೆ ಬಂದಿರುತ್ತದೆ. ಅಲ್ಲಿಂದ ಮುಂದೆ ಶೀಟ್ ಏತದ ಹಾಗೆ ಆಚೆ ಬದಿ ಕೆಳಗೆ ಜಗ್ಗಿ, ಈಚೆ ಬದಿ ಮೇಲೇಳಲು ನೋಡುತ್ತದೆ. ಆಗ ಹುಡುಗ ಏನು ಮಾಡುತ್ತಾನೆ? ತಾನು ಹಿಡಿದ ತುದಿಯನ್ನು ಎರಡೂ ಅಂಗೈಯಲ್ಲಿ ಕೆಳಕ್ಕೆ ಅದುಮುತ್ತಾನೆ, ಜೊತೆಗೆ ಮುಂದಕ್ಕೂ ತಳ್ಳುತ್ತಾನೆ. ಮೈಭಾರವೆಲ್ಲ ಕೈಗೆ ಬಿದ್ದಿರುತ್ತದೆ, ಕಾಲು ತುದಿಬೆರಳ ಮೇಲೆ ನಿಂತಿರುತ್ತದೆ, ಎದೆ ಬ್ಲೇಡಿನ ನೇರಕ್ಕೆ ಬಾಗಿರುತ್ತದೆ. ಕೊನೆಯ ಎರಡಡಿಯ ಉದ್ದಕ್ಕೂ ಅವನು ಕೊಯ್ಯುತ್ತಿಲ್ಲ, ಶೀಟಿನ ಜೊತೆ ಜಗಳವಾಡುತ್ತಿದ್ದಾನೆ. ಆ ಹೊತ್ತಿಗೆ ಅವನ ಕೈ ಮತ್ತು ಬ್ಲೇಡಿನ ಹಲ್ಲಿನ ನಡುವೆ ಉಳಿದಿರುವುದೂ ಅಷ್ಟೇ ದೂರ.

ಇನ್ನು ಬ್ಲೇಡಿನ ವಿಷಯ. ನಿಮಿಷಕ್ಕೆ 5,000 ಸುತ್ತು ತಿರುಗುವ 7 ಇಂಚಿನ ಬ್ಲೇಡಿನ ಹಲ್ಲು ಗಂಟೆಗೆ 165 ಕಿ.ಮೀ.ಗೂ ಮೀರಿದ ವೇಗದಲ್ಲಿ ಓಡುತ್ತಿರುತ್ತದೆ. ಮುಂದಿನ ಹಲ್ಲು, ಅಂದರೆ ನಮ್ಮ ಕಡೆಯದು, ಮರವನ್ನು ಟೇಬಲ್ಲಿಗೆ ಒತ್ತುತ್ತಾ ಕೆಳಗಿಳಿಯುತ್ತದೆ. ಕೆಲಸ ಮಾಡುವುದು ಅದೇ. ಹಿಂದಿನ ಹಲ್ಲು ಟೇಬಲ್ಲಿನೊಳಗಿಂದ ಮೇಲೇಳುತ್ತದೆ. ಆಗಲೇ ಕೊಯ್ದಾದ ಸೀಳಿನಲ್ಲಿ ಅದು ಏನನ್ನೂ ಮುಟ್ಟದೆ ಸುಮ್ಮನೆ ತಿರುಗಬೇಕು. ಶೀಟ್ ಸ್ವಲ್ಪ ಓರೆಯಾಯಿತು, ಸೀಳು ಮುಚ್ಚಿಕೊಂಡಿತು, ಗೈಡಿನಿಂದ ಅಂಚು ಬಿಟ್ಟುಕೊಂಡಿತು ಎಂದರೆ ಆ ಹಿಂದಿನ ಹಲ್ಲು ಶೀಟನ್ನು ಕಚ್ಚಿ ಮೇಲಕ್ಕೆತ್ತಿ ಹುಡುಗನ ಕಡೆಗೇ ಬೀಸಿ ಎಸೆಯುತ್ತದೆ. ಸೈಟಿನಲ್ಲಿ ಇದಕ್ಕೆ 'ಕಿಕ್' ಅನ್ನುತ್ತಾರೆ. 40 ಹಲ್ಲಿನ ಬ್ಲೇಡಾದರೆ ಕಾಲು ಸೆಕೆಂಡಿನಲ್ಲಿ 800ಕ್ಕೂ ಹೆಚ್ಚು ಹಲ್ಲು ಹಾದುಹೋಗುತ್ತವೆ. ಎಷ್ಟೇ ಚುರುಕಿನ ಹುಡುಗನಾದರೂ ಅಷ್ಟರೊಳಗೆ ಕೈ ಹಿಂದಕ್ಕೆ ಎಳೆದುಕೊಳ್ಳಲಾರ. 'ನಮ್ಮ ಹುಡುಗ ಹುಷಾರು' ಎನ್ನುವ ಮಾತು ಈ ಜಾಗದಲ್ಲಿ ಕೆಲಸಕ್ಕೆ ಬರುವುದಿಲ್ಲ.

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ನನ್ನ ಕಣ್ಣೆದುರೇ ಇದು ನಡೆಯಿತು. ಹಾಲ್‌ನಲ್ಲಿ ಟೇಬಲ್, ಗೋಡೆಗೆ ಒರಗಿಸಿದ ಶೀಟುಗಳ ಸಾಲು, ನೆಲದ ತುಂಬ ಹೊಟ್ಟು. ಕೊಯ್ಯುತ್ತಿದ್ದವನು ಒಳ್ಳೆಯ ಕೆಲಸಗಾರ, ಅಳತೆಯಲ್ಲಿ ಬಹಳ ಕಟ್ಟುನಿಟ್ಟು. ಆಚೆ ಬದಿಯಲ್ಲಿ ಹೆಲ್ಪರ್ ನಿಂತು ಶೀಟನ್ನು ಹಿಡಿದುಕೊಂಡಿದ್ದ. ಭಾರ ಜಗ್ಗಿದಂತೆ ಆ ಹುಡುಗ, ಪಾಪ, ಸಹಾಯವಾಗಲೆಂದು ತನ್ನ ತುದಿಯನ್ನು ಒಂದಿಷ್ಟು ಮೇಲಕ್ಕೆತ್ತಿದ. ಸೀಳು ಬಿಗಿಯಿತು. ಬ್ಲೇಡಿನ ಸದ್ದು ಒಮ್ಮೆ ಕುಗ್ಗಿದ್ದು ಕೇಳಿಸಿತು, ಮರುಕ್ಷಣ ಶೀಟ್ ಬಂದು ಕೊಯ್ಯುವವನ ಕಿಬ್ಬೊಟ್ಟೆಗೆ ಬಡಿದಿತ್ತು. ಮುಂದಕ್ಕೆ ತಳ್ಳುತ್ತಿದ್ದ ಅವನ ಎಡಗೈಗೆ ಎದುರಿನ ಒತ್ತು ಇದ್ದಕ್ಕಿದ್ದಂತೆ ಇಲ್ಲವಾಗಿ, ಕೈ ತಾನೇ ತಾನಾಗಿ ಬ್ಲೇಡಿನ ಮೇಲೆ ಹೋಯಿತು. ಆಮೇಲಿನದು ಇನ್ನೂ ಕೆಟ್ಟದ್ದು. ಬ್ಲೇಡ್ ನಿಲ್ಲಿಸಲು ಯಾರಿಗೂ ಆಗಲಿಲ್ಲ. ಪ್ಲಗ್ ಇದ್ದದ್ದು ಒರಗಿಸಿದ ಶೀಟುಗಳ ಹಿಂದೆ. ಆ ಶೀಟುಗಳನ್ನು ಸರಿಸಿ ಸ್ವಿಚ್ ಆರಿಸುವವರೆಗೂ ಅದು ತಿರುಗುತ್ತಲೇ ಇತ್ತು.

ಅವನನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ಆ ಶೀಟನ್ನು ಮಗುಚಿ ನೋಡಿದೆ. ಕೆಳಮೈಯಲ್ಲಿ, ನೇರವಾಗಿ ಬಂದ ಸೀಳಿನ ಪಕ್ಕದಿಂದ ಹೊರಟು ಅಡ್ಡಕ್ಕೆ ಬಾಗಿ ಹೋದ ಒಂದು ಗೀರು ಇತ್ತು. ಮೊದಲು ತೆಳ್ಳಗೆ, ಆಮೇಲೆ ಆಳವಾಗಿ, ಕೊನೆಯಲ್ಲಿ ಎರಡು ಪದರ ಕಿತ್ತು ಒಳಗಿನ ಕೆಂಪು ಮರ ಕಾಣುವ ಹಾಗೆ. ಹಿಂದಿನ ಹಲ್ಲು ಶೀಟನ್ನು ಎತ್ತಿ ತಿರುಗಿಸಿದ ದಾರಿ ಅದು. ನಿಮ್ಮ ಸೈಟಿನ ಮೂಲೆಯಲ್ಲಿ ಬಿದ್ದಿರುವ ತುಂಡುಗಳನ್ನು ಒಮ್ಮೆ ಮಗುಚಿ ನೋಡಿ. ಅಂಥ ಬಾಗಿದ ಗೀರು ಎಲ್ಲಾದರೂ ಕಂಡರೆ, ನಿಮ್ಮ ಟೇಬಲ್ಲಿನಲ್ಲೂ ಒಂದು ಅಪಘಾತ ಆಗುವುದು ಸ್ವಲ್ಪದರಲ್ಲೇ ತಪ್ಪಿದೆ, ಹುಡುಗರು ನಿಮಗೆ ಹೇಳಿಲ್ಲ ಎಂದು ತಿಳಿಯಿರಿ.

1923ರ ಕಾರ್ಮಿಕರ ಪರಿಹಾರ ಕಾಯ್ದೆಗೆ ಒಂದು ಅನುಸೂಚಿ ಇತ್ತು. ಯಾವ ಅಂಗ ಹೋದರೆ ದುಡಿಯುವ ಶಕ್ತಿಯಲ್ಲಿ ಎಷ್ಟು ಪಾಲು ಹೋದಂತೆ ಎಂದು ಅದರಲ್ಲಿ ಬರೆದಿಟ್ಟಿದ್ದರು. ಹೆಬ್ಬೆರಳಿಗೆ ಶೇ 30. ತೋರುಬೆರಳು ಪೂರ್ತಿ ಹೋದರೆ ಶೇ 14, ನಡುಬೆರಳಿಗೆ ಶೇ 12, ಉಂಗುರದ ಬೆರಳಿಗೋ ಕಿರುಬೆರಳಿಗೋ ಶೇ 7. ಕಾನೂನಿಗೆ ಒಂದು ಅಂಕಿ ಬೇಕು, ಒಪ್ಪುತ್ತೇನೆ. ಆದರೆ ಉಳಿ ಹಿಡಿಯುವವನ, ಮೊಳೆಯನ್ನು ಎರಡು ಬೆರಳ ಸಂದಿಯಲ್ಲಿ ನಿಲ್ಲಿಸಿ ಸುತ್ತಿಗೆ ಎತ್ತುವವನ ತೋರುಬೆರಳು ಅವನ ದುಡಿಮೆಯ ಏಳನೇ ಒಂದು ಪಾಲು ಮಾತ್ರ ಎಂದು ನೀವೂ ನಂಬುವುದಿಲ್ಲ, ನಾನೂ ನಂಬುವುದಿಲ್ಲ.

ನೆಲದ ಮೇಲೆ ಕೊಯ್ಯುವುದು ಹೇಗೆ ಎಂದು ಬಿಡಿಸಿ ಹೇಳುತ್ತೇನೆ. ಟೇಬಲ್ಲಿಗೆ ಬಿಗಿದದ್ದನ್ನು ಬಿಟ್ಟು ಇನ್ನೊಂದು ಕೈಕಟ್ಟರ್ ಬೇಕು. ಅದರ ಗಾರ್ಡ್ ಅದರ ಮೇಲೇ ಇರಬೇಕು. ಎರಡು ಮೂರು ಒಳ್ಳೆಯ ಶೀಟಿನ ಬೆಲೆಗೆ ಆ ಕಟ್ಟರ್ ಬರುತ್ತದೆ. ನೆಲ ಗುಡಿಸಿ, ಎರಡು ಇಂಚು ದಪ್ಪದ ಥರ್ಮೋಕೋಲ್ ಹಲಗೆಗಳನ್ನು ಹಾಸಿ ಶೀಟನ್ನು ಅದರ ಮೇಲೆ ಮಲಗಿಸಿ. ಥರ್ಮೋಕೋಲ್ ಇಲ್ಲದಿದ್ದರೆ ಸಮ ದಪ್ಪದ ನಾಲ್ಕು ರೀಪರ್ ಸಾಕು. ಕೊಯ್ಯುವ ಗೆರೆಯ ಈಚೆಗೆ ಎರಡು, ಆಚೆಗೆ ಎರಡು ಬರುವಂತೆ ಇಡಿ. ಕೊಯ್ದು ಮುಗಿದ ಮೇಲೂ ಎರಡೂ ತುಂಡು ಇದ್ದಲ್ಲೇ ಮಲಗಿರಬೇಕು, ಯಾವುದೂ ಬೀಳಬಾರದು, ಬಾಗಬಾರದು. ನೆಲದ ಕಟಿಂಗಿನ ದೊಡ್ಡ ಗುಣ ಇದೇ. 35 ಕೆ.ಜಿ.ಯನ್ನು ಭೂಮಿಯೇ ಹೊತ್ತುಕೊಳ್ಳುತ್ತದೆ. ಹುಡುಗ ತಳ್ಳಬೇಕಾದದ್ದು ನಾಲ್ಕೈದು ಕೆ.ಜಿ.ಯ ಮಷಿನನ್ನು ಮಾತ್ರ.

ಕೈಕಟ್ಟರಿನ ಹಲ್ಲು ಕೆಳಗಿನಿಂದ ಮೇಲಕ್ಕೆ ಕೊಯ್ಯುವುದರಿಂದ ಸಿಬಿರು ಏಳುವುದು ಮೇಲ್ಮೈಯಲ್ಲಿ. ಹಾಗಾಗಿ ಒಳ್ಳೆಯ ಮೈ ಕೆಳಗೆ ಇರಲಿ. ಟೇಬಲ್ಲಿನಲ್ಲಿ ಇದಕ್ಕೆ ತಿರುವುಮುರುವು, ಒಳ್ಳೆಯ ಮೈ ಮೇಲೆ. ಬ್ಲೇಡಿನ ಆಳ ಶೀಟಿನ ದಪ್ಪಕ್ಕಿಂತ ಮೂರು ನಾಲ್ಕು ಮಿ.ಮೀ. ಹೆಚ್ಚಿದ್ದರೆ ಸಾಕು. ಪೂರ್ತಿ ಬ್ಲೇಡ್ ಇಳಿಸಿದರೆ ನೆಲವೂ ಹಾಳು, ಕಿಕ್ ಹೊಡೆಯುವ ಅಪಾಯವೂ ಜಾಸ್ತಿ. ನೇರಕ್ಕೆ ಹೋಗಲು ಒಂದು ಪಟ್ಟಿ ಮಾಡಿಟ್ಟುಕೊಳ್ಳಿ. 6 ಮಿ.ಮೀ. ಪ್ಲೈಯ ಎಂಟಡಿ ಉದ್ದದ ಅಗಲ ತುಂಡು ತೆಗೆದುಕೊಂಡು, ಅದರ ಮೇಲೆ ಕಾರ್ಖಾನೆಯ ನೇರ ಅಂಚು ಇರುವ ಇನ್ನೊಂದು ಕಿರುಪಟ್ಟಿಯನ್ನು ಅಂಟಿಸಿ ಸ್ಕ್ರೂ ಹಾಕಿ. ಆ ಅಂಚಿಗೆ ಕಟ್ಟರಿನ ತಳವನ್ನು ಒತ್ತಿ ಒಮ್ಮೆ ಓಡಿಸಿದರೆ ಕೆಳಗಿನ ಪ್ಲೈ ಬ್ಲೇಡಿನ ಲೆಕ್ಕಕ್ಕೆ ಸರಿಯಾಗಿ ಕೊಯ್ದುಕೊಳ್ಳುತ್ತದೆ. ಮುಂದೆ ಆ ಅಂಚನ್ನು ಪೆನ್ಸಿಲ್ ಗೆರೆಗೆ ಕೂರಿಸಿ, ಎರಡೂ ತುದಿಗೆ ಕ್ಲ್ಯಾಂಪ್ ಹಾಕಿದರೆ ಆಯಿತು, ಪ್ರತಿ ಸಲ ತಳದ ಅಗಲ ಕಳೆದು ಅಳೆಯುವ ಗೋಜಿಲ್ಲ. ಒಂದು ಮಧ್ಯಾಹ್ನದ ಕೆಲಸ, ಮನೆಯಿಂದ ಮನೆಗೆ ಒಯ್ಯಬಹುದು.

ಬೇಕಾದ ಅಳತೆಗಿಂತ ಐದು ಮಿ.ಮೀ. ಹೆಚ್ಚು ಬಿಟ್ಟು ನೆಲದಲ್ಲಿ ಕೊಯ್ಯಿರಿ, ಕೊನೆಯ ಅಳತೆ ಟೇಬಲ್ಲಿನಲ್ಲಿ ತೆಗೆಯಿರಿ. ಎಂಟಡಿ ಉದ್ದದ ಶೀಟನ್ನು ನಡುವೆ ಸೀಳಿದರೆ ಎರಡಡಿ ಅಗಲದ ಎರಡು ತುಂಡು, ಒಂದೊಂದೂ 17 ಕೆ.ಜಿ. ಆಸುಪಾಸು. ವಾರ್ಡ್‌ರೋಬಿನ ಪಕ್ಕದ ಹಲಗೆಗೆ ಸಾಮಾನ್ಯವಾಗಿ ಬೇಕಾಗುವುದೂ ಅಷ್ಟೇ ಅಗಲ. ಹೊತ್ತು ಹೆಚ್ಚು ಹಿಡಿಯುತ್ತದೆ ಎಂದು ನೀವು ಹೇಳಬಹುದು. ಹಿಡಿಯುತ್ತದೆ, ಶೀಟಿಗೆ ಐದಾರು ನಿಮಿಷ. ಆದರೆ ಇಡೀ ಶೀಟನ್ನು ಇಬ್ಬರು ಎತ್ತಿ, ಟೇಬಲ್ಲಿನ ಸುತ್ತ ಜಾಗ ಮಾಡಿ, ಓರೆಯಾಗಿ ಹೋದದ್ದನ್ನು ಮತ್ತೆ ಸರಿಮಾಡುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ.

ಟೇಬಲ್ಲಿಗೆ ಬಂದ ಮೇಲೆ ಬಹಳ ಮುಖ್ಯವಾದದ್ದು ಆಚೆ ಬದಿಯ ಆಸರೆ. ಅದೇ ಎತ್ತರದ, ಬೇಕಾದರೆ ಎರಡು ಮಿ.ಮೀ. ತಗ್ಗಾದ ಇನ್ನೊಂದು ಮೇಜು ಅಲ್ಲಿರಲಿ. ಎತ್ತರವಾಗಿದ್ದರೆ ಹಲಗೆಯ ತುದಿ ತಾಗಿ ನಿಂತುಬಿಡುತ್ತದೆ, ಅದು ಕೂಡದು. ಮೇಜು ಇದ್ದರೆ ಹೆಲ್ಪರಿನ ಕೆಲಸ ಅರ್ಧ ಕಡಿಮೆ. ಆದರೂ ಅವನು ಬೇಕಾದರೆ ಅವನಿಗೆ ಎರಡೇ ಮಾತು ಹೇಳಿಕೊಡಿ: ಎತ್ತಬೇಡ, ಎಳೆಯಬೇಡ. ಅಂಗೈ ಮೇಲೆ ಹಲಗೆಯನ್ನು ಜಾರಲು ಬಿಟ್ಟರೆ ಸಾಕು. ಓಡಿಸುವವನು ಒಬ್ಬನೇ. ನಮ್ಮ ಸೈಟುಗಳಲ್ಲಿ ಕನ್ನಡದ ಹುಡುಗ, ರಾಜಸ್ಥಾನದವನು, ಬಿಹಾರದವನು, ತಮಿಳಿನವನು ಎಲ್ಲರೂ ಒಂದೇ ಟೇಬಲ್ಲಿನ ಸುತ್ತ ಇರುತ್ತಾರೆ. ನಿಲ್ಲಿಸು ಎನ್ನಲು ಎಲ್ಲರಿಗೂ ತಿಳಿಯುವ ಒಂದೇ ಮಾತು ಗೊತ್ತುಮಾಡಿಕೊಳ್ಳಿ. 'ಬಂದ್' ಸಾಕು. ಯಾರು ಕೂಗಿದರೂ ಮಷಿನ್ ಆರಬೇಕು, ಯಾಕೆ ಕೂಗಿದೆ ಎಂದು ಆಮೇಲೆ ಕೇಳಿದರಾಯಿತು, ಗದರಬಾರದು.

ಗೈಡನ್ನು ಕಣ್ಣಂದಾಜಿನಲ್ಲಿ ಹಿಡಿಸಬೇಡಿ. ಪ್ಲಗ್ ಕಿತ್ತು, ಬ್ಲೇಡಿನ ಒಂದು ಹಲ್ಲಿಗೆ ಪೆನ್ಸಿಲ್ ಗುರುತು ಹಾಕಿ, ಆ ಹಲ್ಲನ್ನೇ ಮುಂದೆ ತಂದು ಒಮ್ಮೆ, ಹಿಂದೆ ತಿರುಗಿಸಿ ಒಮ್ಮೆ, ಗೈಡಿಗೆ ಇರುವ ಅಂತರ ಅಳೆಯಿರಿ. ಎರಡೂ ಒಂದೇ ಇರಬೇಕು. ಹಿಂದೆ ಕೂದಲೆಳೆಯಷ್ಟು ಹೆಚ್ಚಿದ್ದರೆ ಅಡ್ಡಿಯಿಲ್ಲ, ಕಡಿಮೆ ಇದ್ದರೆ ಹಲಗೆ ಬ್ಲೇಡಿಗೂ ಗೈಡಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಬ್ಲೇಡಿನ ಬೆನ್ನಿಗೆ, ಅದೇ ಸಾಲಿನಲ್ಲಿ, ಒಂದು ತೆಳು ತಗಡೋ ಗಟ್ಟಿ ಮರದ ಚಕ್ಕೆಯೋ ನಿಲ್ಲಿಸಿ. ಅದು ಬ್ಲೇಡಿನ ತಟ್ಟೆಗಿಂತ ದಪ್ಪ, ಕೊಯ್ದ ಸೀಳಿಗಿಂತ ತೆಳು ಇರಬೇಕು. ಸೀಳು ಮುಚ್ಚಿಕೊಳ್ಳಲು ಅದು ಬಿಡುವುದಿಲ್ಲ, ಹಲಗೆ ಹಿಂದಿನ ಹಲ್ಲಿನ ಕಡೆ ವಾಲಲೂ ಬಿಡುವುದಿಲ್ಲ. ಕಂಪನಿಯಿಂದ ಬರುವ ಟೇಬಲ್ ಸಾಗಳಲ್ಲಿ ಇದು ಇದ್ದೇ ಇರುತ್ತದೆ. ನಮ್ಮ ಕೈಯಿಂದ ಮಾಡಿದ ಟೇಬಲ್ಲುಗಳಲ್ಲಿ ಇಲ್ಲದಿರುವುದೂ ಇದೇ. ಸೈಟಿನ ಟೇಬಲ್ಲಿಗೆ ಒಂದೇ ಒಂದು ಸುಧಾರಣೆ ಮಾಡಿ ಎಂದರೆ ನಾನು ಇದನ್ನೇ ಹೇಳುತ್ತೇನೆ.

ಹಲಗೆಯ ಯಾವುದಾದರೂ ಒಂದು ಅಂಚು ಗೈಡಿಗೆ ತಾಗಿರದೆ ಬರಿಗೈಯಲ್ಲಿ ಕೊಯ್ಯಲು ಯಾರಿಗೂ ಬಿಡಬೇಡಿ. ಉದ್ದ ಜಾಸ್ತಿ, ಅಗಲ ಕಡಿಮೆ ಇರುವ ಪಟ್ಟಿಯನ್ನು ಅಡ್ಡಕ್ಕೆ ತುಂಡರಿಸುವಾಗ ಗೈಡಿಗೆ ಅದರ ಕಿರಿಯ ತುದಿ ಆನಿಸುವುದೂ ಅಷ್ಟೇ ಅಪಾಯ, ತುಂಡು ನಡುವೆ ಸಿಕ್ಕಿ ಸಿಡಿಯುತ್ತದೆ. ಅಂಥವನ್ನು ನೆಲದ ಮೇಲೋ ಕೈಗರಗಸದಲ್ಲೋ ಕೊಯ್ಯಿರಿ. ಅಗಲ ಒಂದು ಗೇಣಿಗಿಂತ ಕಡಿಮೆಯಾದರೆ ಕೈಯ ಬದಲು ತಳ್ಳುಕೋಲು ಬಳಸಲಿ. ಉಳಿದ ಪ್ಲೈ ತುಂಡಿನಲ್ಲೇ ಹಕ್ಕಿಬಾಯಿ ಕೊರೆದು ನಾಲ್ಕು ಮಾಡಿ ಟೇಬಲ್ಲಿಗೆ ತೂಗುಹಾಕಿ. ನಿಲ್ಲುವುದು ಬ್ಲೇಡಿನ ನೇರಕ್ಕಲ್ಲ, ಒಂದು ಪಕ್ಕಕ್ಕೆ. ಬ್ಲೇಡ್ ಹಲಗೆಯ ಮೇಲೆ ಒಂದು ಹಲ್ಲಿನಷ್ಟು ಕಂಡರೆ ಸಾಕು. ತಿರುಗುವ ಬ್ಲೇಡಿನ ಹತ್ತಿರ ಗ್ಲೌಸ್ ಬೇಡವೇ ಬೇಡ, ಅದು ಬೆರಳನ್ನು ಕಾಯುವ ಬದಲು ಒಳಗೆ ಎಳೆಯುತ್ತದೆ. ಕೈಯ ದಾರ, ಕಡಗ, ಜೋಲುವ ಲುಂಗಿಯೂ ಹಾಗೆಯೇ. ಕಣ್ಣಿಗೆ ಕನ್ನಡಕ, ಕಾಲಿಗೆ ಶೂ, ಮೂಗಿಗೆ ಮಾಸ್ಕ್ ಇರಲಿ. ಮರದ ಧೂಳು ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಪ್ರಕಟಿಸಿದೆ. ನಮ್ಮ ಪ್ಲೈಯಲ್ಲಿ ಧೂಳಿನ ಜೊತೆ ಅಂಟೂ ಇದೆ.

ಸ್ವಿಚ್ಚಿನ ಬಗ್ಗೆ ನಿಮ್ಮಲ್ಲಿ ಕೈಮುಗಿದು ಕೇಳುತ್ತೇನೆ. ಟ್ರಿಗರಿಗೆ ಕೇಬಲ್ ಟೈ ಹಾಕಿದ ಮಷಿನ್ ಕರೆಂಟ್ ಹೋದಾಗ ನಿಲ್ಲುತ್ತದೆ. ಹುಡುಗ ಬ್ಲೇಡಿನ ಸುತ್ತ ಸಿಕ್ಕಿದ ಚೂರನ್ನು ಬೆರಳಲ್ಲಿ ತೆಗೆಯಲು ಹೋಗುತ್ತಾನೆ. ಅಷ್ಟರಲ್ಲಿ ಕರೆಂಟ್ ಬರುತ್ತದೆ. ನಮ್ಮ ಊರುಗಳಲ್ಲಿ ಇದು ಅಪರೂಪವೇನಲ್ಲ. ಪಂಪ್‌ಸೆಟ್ಟಿಗೆ ಹಾಕುವ ಹಸಿರು, ಕೆಂಪು ಗುಂಡಿಯ ಸ್ಟಾರ್ಟರ್ ನೀವೆಲ್ಲ ನೋಡಿದ್ದೀರಿ. ಕರೆಂಟ್ ಹೋದರೆ ಅದು ಬಿಟ್ಟುಕೊಳ್ಳುತ್ತದೆ, ಬಂದ ಮೇಲೆ ಹಸಿರು ಗುಂಡಿಯನ್ನು ಮತ್ತೆ ಒತ್ತಿದರೆ ಮಾತ್ರ ಶುರುವಾಗುತ್ತದೆ. ಸಿಂಗಲ್ ಫೇಸಿಗೆ ಒಗ್ಗುವ ಅಂಥದೊಂದು ಸಾದಾ ಸ್ಟಾರ್ಟರನ್ನು ಎಲೆಕ್ಟ್ರಿಷಿಯನ್ ಕೈಲಿ ಟೇಬಲ್ಲಿಗೆ ಹಾಕಿಸಿ. ರೈತರು ರಾತ್ರಿ ನೀರಿಗಾಗಿ ಹಾಕಿಕೊಳ್ಳುವ ಆಟೊ ಸ್ಟಾರ್ಟರ್ ಇಲ್ಲಿ ಖಂಡಿತ ಕೂಡದು. ಕೆಂಪು ಗುಂಡಿ ದೊಡ್ಡದಾಗಿ, ಟೇಬಲ್ಲಿನ ಮುಂದೆ ತೊಡೆಯ ಎತ್ತರಕ್ಕೆ ಇರಲಿ. ಎರಡೂ ಕೈ ಹಲಗೆ ಹಿಡಿದಿದ್ದರೂ ತೊಡೆಯಿಂದ ಒತ್ತಿ ನಿಲ್ಲಿಸಬಹುದು. ಬ್ಲೇಡ್ ಬದಲಿಸುವಾಗ, ಎತ್ತರ ಸರಿಮಾಡುವಾಗ, ಚೂರು ತೆಗೆಯುವಾಗ ಪ್ಲಗ್ಗನ್ನು ಕಿತ್ತು ಕಣ್ಣಿಗೆ ಕಾಣುವ ಹಾಗೆ ಟೇಬಲ್ಲಿನ ಮೇಲೆ ಇಡಬೇಕು.

ಇನ್ನೊಂದು ಮಾತು ಗಟ್ಟಿಯಾಗಿ ಹೇಳದೆ ವಿಧಿಯಿಲ್ಲ. ಕಲ್ಲು ಕೊಯ್ಯುವ 4 ಇಂಚಿನ ಮಾರ್ಬಲ್ ಕಟ್ಟರಿಗೆ ಮರದ ಬ್ಲೇಡ್ ಹಾಕಿ ಟೇಬಲ್ಲಿಗೆ ಬಿಗಿಯುವುದನ್ನು ಬಿಟ್ಟುಬಿಡಿ. ಅದು ನಿಮಿಷಕ್ಕೆ 12,000 ಸುತ್ತಿನ ಆಸುಪಾಸಿನಲ್ಲಿ ತಿರುಗುವ ಮಷಿನ್. ಪ್ರತಿ ಬ್ಲೇಡಿನ ಮೇಲೂ ಅದು ತಡೆಯುವ ಸುತ್ತು ಎಷ್ಟೆಂದು ಅಚ್ಚಾಗಿರುತ್ತದೆ, ಮಷಿನಿನ ಸುತ್ತು ಅದಕ್ಕಿಂತ ಹೆಚ್ಚಿರಬಾರದು. ಗ್ರೈಂಡರಿಗೆ ಮರದ ಬ್ಲೇಡ್ ಹಾಕುವುದಂತೂ ಯಾವ ಕಾರಣಕ್ಕೂ ಬೇಡ. ಆಯುಧಪೂಜೆಯ ದಿನ ಮಷಿನನ್ನು ತೊಳೆದು, ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು ಕೈಮುಗಿಯುವವರು ನಾವು. ಈ ಸಲದ ಪೂಜೆಗೆ, ಪೆಟ್ಟಿಗೆಯಲ್ಲಿ ಬಿದ್ದಿರುವ ಗಾರ್ಡನ್ನು ತೆಗೆದು ಮತ್ತೆ ಹಾಕಿ, ಆಮೇಲೆ ಕುಂಕುಮ ಹಚ್ಚಿ.

ನಿಮ್ಮ ಮೇಲಿನ ಒತ್ತಡ ನನಗೆ ಗೊತ್ತಿಲ್ಲದ್ದಲ್ಲ. ಗೃಹಪ್ರವೇಶಕ್ಕೆ ದಿನ ಇಟ್ಟುಬಿಟ್ಟಿರುತ್ತಾರೆ, ಆಷಾಢ ಕಳೆದರೆ ಸಾಕು ಎಲ್ಲರಿಗೂ ಒಟ್ಟಿಗೇ ಅವಸರ. ಟೈಲ್ಸಿನವರು, ಪೇಂಟಿನವರು, ನೀವು ಎಲ್ಲರೂ ಒಂದೇ ಹಾಲ್‌ನಲ್ಲಿ. ರಾತ್ರಿ ಹನ್ನೊಂದಕ್ಕೆ ಹ್ಯಾಲೊಜೆನ್ ಬೆಳಕಿನಲ್ಲಿ ಶೀಟ್ ಕೊಯ್ಯುವ ಹುಡುಗ ಬೆಳಗಿನ ಎಂಟರಿಂದ ನಿಂತೇ ಇರುತ್ತಾನೆ. ಗುತ್ತಿಗೆ ಒಪ್ಪುವಾಗಲೇ ಮನೆಯವರಿಗೆ ಎರಡು ವಿಷಯ ಹೇಳಿ: ಕಟಿಂಗ್ ಕೆಲಸಕ್ಕೆ ಹತ್ತಡಿ ಹನ್ನೆರಡಡಿಯ ಖಾಲಿ ಜಾಗ ಬೇಕು, ಕತ್ತಲಾದ ಮೇಲೆ ಬ್ಲೇಡ್ ಓಡುವುದಿಲ್ಲ. ರಾತ್ರಿ ಮಾಡಲು ಮೈಕಾ ಅಂಟಿಸುವುದು, ಬೀಡಿಂಗ್, ಹಿಂಜ್ ಕೂರಿಸುವುದು ಎಂದು ಬೇಕಾದಷ್ಟು ಇದೆ. ನೀವು ಹೇಳಿದರೆ ಮನೆಯವರು ಕೇಳುತ್ತಾರೆ, ಹುಡುಗ ಹೇಳಿದರೆ ಕೇಳುವುದಿಲ್ಲ. ನಿಮಗೇ ಬರೆಯುತ್ತಿರುವುದಕ್ಕೆ ಕಾರಣವೂ ಅದೇ.

ಕೆಲಸ ದೊಡ್ಡದಿದ್ದರೆ ಶೀಟುಗಳನ್ನು ಸೈಟಿನಲ್ಲಿ ಕೊಯ್ಯಲೇಬೇಕೆಂದಿಲ್ಲ. ಕಟಿಂಗ್ ಪಟ್ಟಿ ಬರೆದುಕೊಂಡು ಹೋದರೆ ಪ್ಯಾನೆಲ್ ಸಾ ಇರುವ ವರ್ಕ್‌ಶಾಪಿನವರು ಶೀಟಿಗಿಷ್ಟು ಎಂದು ಕೂಲಿ ತೆಗೆದುಕೊಂಡು ಕೊಯ್ದುಕೊಡುತ್ತಾರೆ. ಅದರಲ್ಲಿ ಶೀಟ್ ಮಲಗುವ ಮೇಜೇ ಬ್ಲೇಡಿನ ಪಕ್ಕ ಜಾರಿಕೊಂಡು ಹೋಗುತ್ತದೆ. ಜರ್ಮನಿಯ ವಿಲ್ಹೆಲ್ಮ್ ಆಲ್ಟೆನ್‌ಡಾರ್ಫ್ 1906ರಲ್ಲಿ ಕಂಡುಹಿಡಿದ ಉಪಾಯ ಅದು. ದೊಡ್ಡ ಹಲಗೆಯನ್ನು ಕೈಯಿಂದ ತಳ್ಳುವುದು ಸರಿಯಲ್ಲ ಎಂದು ಬಡಗಿಗಳು ಆಗಲೇ ಅರಿತಿದ್ದರು. ಬೆರಳು ತಾಗಿದ ಕೂಡಲೇ ಸೆಕೆಂಡಿನ ಇನ್ನೂರನೇ ಒಂದು ಭಾಗದಲ್ಲಿ ಬ್ಲೇಡ್ ನಿಲ್ಲಿಸುವ 'ಸಾಸ್ಟಾಪ್' ಮಷಿನ್ ಅಮೆರಿಕದಲ್ಲಿ 2004ರಿಂದ ಸಿಗುತ್ತಿದೆ. ಒಳ್ಳೆಯದೇ. ಆದರೆ ಶೀಟ್ ಹಿಂದಕ್ಕೆ ಎಗರುವುದನ್ನು ಅದೂ ತಡೆಯುವುದಿಲ್ಲ. ಅದಕ್ಕೆ ಆಸರೆ, ಗೈಡ್, ಬೆನ್ನಿನ ತಗಡು ಇವೇ ಬೇಕು. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಆಧುನಿಕ ಮರಗೆಲಸದ ಯಂತ್ರಗಳ ಮೇಲೆ ತರಬೇತಿ ಕೊಡುವ ಕೇಂದ್ರವಿದೆ. ನಿಮ್ಮಲ್ಲಿ ಚುರುಕಾದ ಒಬ್ಬ ಹುಡುಗನನ್ನಾದರೂ ಅಲ್ಲಿಗೆ ಕಳಿಸಿ.

ಇಷ್ಟೆಲ್ಲ ಮಾಡಿಯೂ ಅಪಘಾತವಾದರೆ? ಗಾಯವನ್ನು ಶುಭ್ರ ಬಟ್ಟೆಯಲ್ಲಿ ಗಟ್ಟಿಯಾಗಿ ಒತ್ತಿ ಹಿಡಿದು ಕೈಯನ್ನು ಎದೆಗಿಂತ ಮೇಲೆ ಎತ್ತಿಸಿ. ಕಾಫಿಪುಡಿ, ಅರಿಸಿನ ಬೇಡ. ತುಂಡಾದ ಬೆರಳನ್ನು ಹೊಟ್ಟಿನಲ್ಲಿ ಹುಡುಕಿ ತೆಗೆಯಿರಿ. ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿದು, ಆ ಚೀಲವನ್ನು ಐಸ್ ಮತ್ತು ನೀರು ಇರುವ ಇನ್ನೊಂದು ಚೀಲದೊಳಗೆ ಇಡಿ. ಬೆರಳಿಗೆ ಐಸ್ ನೇರವಾಗಿ ತಾಗಬಾರದು, ತಾಗಿದರೆ ಅದು ಸುಟ್ಟಂತಾಗಿ ಜೋಡಿಸಲು ಬರುವುದಿಲ್ಲ. 108ಕ್ಕೆ ಫೋನ್ ಮಾಡಿ, ಬೆರಳು ಜೋಡಿಸುವ ಶಸ್ತ್ರಚಿಕಿತ್ಸಕರು ಇರುವ ಆಸ್ಪತ್ರೆ ಬೇಕು ಎಂದು ಕೇಳಿ. ನಿಮ್ಮ ಸೈಟಿಗೆ ಹತ್ತಿರ ಅಂಥ ಆಸ್ಪತ್ರೆ ಯಾವುದೆಂದು ಇವತ್ತೇ ವಿಚಾರಿಸಿ, ಟೇಬಲ್ಲಿನ ಮೇಲೆ ಮಾರ್ಕರಿನಲ್ಲಿ ಬರೆದಿಡಿ.

ಹುಡುಗರ ಹೆಸರು ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿದೆಯೇ ನೋಡಿ. ಬಡಗಿಗಳೂ ಅದರ ವ್ಯಾಪ್ತಿಗೆ ಬರುತ್ತಾರೆ. 18ರಿಂದ 60 ವರ್ಷದೊಳಗಿನವರು, ಹಿಂದಿನ ಒಂದು ವರ್ಷದಲ್ಲಿ 90 ದಿನ ಈ ಕೆಲಸ ಮಾಡಿರಬೇಕು. ಆ 90 ದಿನ ಮಾಡಿದ್ದಾನೆ ಎನ್ನಲು ಕೆಲಸ ಕೊಟ್ಟವರ ದೃಢೀಕರಣ ಬೇಕು, ಅದಕ್ಕೆ ನೀವು ಹಿಂದೆಮುಂದೆ ನೋಡಬೇಡಿ. 18 ತುಂಬದವನನ್ನು ಬ್ಲೇಡಿನ ಮುಂದೆ ನಿಲ್ಲಿಸಲೇಬೇಡಿ. ಅವನು ಅಳತೆ ಬರೆಯಲಿ, ಉಪ್ಪುಕಾಗದ ಉಜ್ಜಲಿ, ತೋಪಡ ಹೊಡೆಯುವುದನ್ನು ಕೈಯಲ್ಲೇ ಕಲಿಯಲಿ.

ಈ ಪತ್ರವನ್ನು ಊಟದ ಹೊತ್ತಿನಲ್ಲಿ ಹುಡುಗರ ಮುಂದೆ ಓದಿ, ಕನ್ನಡ ಬಾರದವರಿಗೆ ಅವರ ಮಾತಿನಲ್ಲಿ ಹೇಳಿ. ಊಟ ಮುಗಿಸಿ ಮಷಿನ್ ಶುರುಮಾಡುವ ಮೊದಲು ಪ್ಲಗ್ ಕಿತ್ತು, ಮುಂದಿನ ಹಲ್ಲಿನಿಂದ ಗೈಡಿಗೆ ಎಷ್ಟು, ಹಿಂದಿನಿಂದ ಎಷ್ಟು ಎಂದು ಅವರ ಕೈಲೇ ಅಳೆಸಿ. ನಿಮ್ಮ ಸೈಟಿನಲ್ಲಿ ಇದಕ್ಕಿಂತ ಒಳ್ಳೆಯ ಏರ್ಪಾಡು ಏನಾದರೂ ಮಾಡಿಕೊಂಡಿದ್ದರೆ ಪತ್ರಿಕೆಗೆ ಬರೆದು ಕಳಿಸಿ, ಉಳಿದ ಮೇಸ್ತ್ರಿಗಳಿಗೂ ಅದು ಸಿಗುತ್ತದೆ.



ಇತಿ ನಿಮ್ಮ ವಿಶ್ವಾಸಿ,
ಮರಗೆಲಸ ವಿಭಾಗದ ನಿವೃತ್ತ ಐಟಿಐ ಬೋಧಕ
ಮೈಸೂರು